ಎಡವೋ ಬಲವೋ ಎಂದು ಕೇಳುವ ಅತ್ತಿಗೆ

ಅತ್ತಿಗೆ ನಮ್ಮ ಮನೆಗೆ ಬಂದ ಹೊಸದರಲ್ಲಿ ನಾನೊಮ್ಮೆ ಇಸ್ತ್ರಿಪೆಟ್ಟಿಗೆ ತಗುಲಿಸಿಕೊಂಡು ಕೈ ಸುಟ್ಟುಕೊಂಡೆ. "ಅಯ್ಯೋ, ಕೈ ಸುಟ್ಟೋಯ್ತು!" ಎಂದು ಕಿರುಚಿದೆ. ಅತ್ತಿಗೆ ಅಡುಗೆಮನೆಯಿಂದ ತಣ್ಣೀರಿನ ಪಾತ್ರೆ ಹಿಡಿದೇ ಓಡಿಬಂದರು, ಅದನ್ನು ಇಲ್ಲವೆನ್ನುವುದಿಲ್ಲ. ಆದರೆ ಪಾತ್ರೆಯನ್ನು ಕೆಳಗಿಡುವ ಮೊದಲೇ ಕೇಳಿದರು, "ಎಡವೋ ಬಲವೋ?"

ನಾನು ಉರಿಯುತ್ತಿದ್ದ ಕೈಯನ್ನು ಅವರ ಮೂಗಿನ ಮುಂದೆಯೇ ಹಿಡಿದೆ.

"ಬಲ. ಅಂಗೈ. ಮುಂಚೆ ಯಾವಾಗಾದ್ರೂ ಇದೇ ಜಾಗದಲ್ಲಿ ಸುಟ್ಕೊಂಡಿದ್ಯಾ?"

ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಅಪ್ಪ ಇದನ್ನು ಕೇಳಿ ಗೋಡೆ ಹಿಡಿದುಕೊಂಡು ನಕ್ಕ. ಅಂದಿನಿಂದ ಅವನ ಬಾಯಲ್ಲಿ ಸೊಸೆಯ ಹೆಸರು 'ಎಡಬಲ' ಎಂದೇ ಆಯಿತು. "ಎಡಬಲ ಬಂದ್ಲಾ?" "ಟೀಪುಡಿ ಎಲ್ಲಿದೆ ಅಂತ ಎಡಬಲನ್ನ ಕೇಳು." ಅತ್ತಿಗೆಗೆ ಬೇಸರವೇನೂ ಆಗಲಿಲ್ಲ. ನನಗಂತೂ ಚಿಕ್ಕಂದಿನಿಂದ 'ಸೂಜಿ' ಎಂಬ ಹೆಸರಿತ್ತು. ಹೊಲಿಗೆ ಕಲಿತದ್ದು ಆಮೇಲೆ. ಆದ್ದರಿಂದ ಅಪ್ಪ ಆ ಹೆಸರಿಟ್ಟದ್ದು ನನ್ನ ನಾಲಿಗೆ ನೋಡಿಯೇ ಇರಬೇಕು.

ಮನೆಯಲ್ಲಿ ನಾವು ನಾಲ್ವರು. ಅಮ್ಮ ತೀರಿಕೊಂಡು ಬಹಳ ಕಾಲವಾಗಿತ್ತು. ಅಪ್ಪ ಅಂಗಡಿಗಳ ರೋಲಿಂಗ್ ಶಟರ್ ರಿಪೇರಿ ಮಾಡುತ್ತಿದ್ದ. ಯಾವ ಬೀದಿಯಲ್ಲಿ ಯಾರ ಶಟರ್ ಕಿರುಗುಟ್ಟುತ್ತದೆ, ಯಾರದು ಅರ್ಧಕ್ಕೇ ನಿಂತು ಮೊಂಡು ಹಿಡಿಯುತ್ತದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಅಣ್ಣ ಗೂಡ್ಸ್ ರೈಲಿನ ಗಾರ್ಡ್, ಮನೆಯಲ್ಲಿದ್ದದ್ದಕ್ಕಿಂತ ಹಳಿಯ ಮೇಲಿದ್ದದ್ದೇ ಹೆಚ್ಚು. ನನ್ನದು ಆಸ್ಪತ್ರೆಯ ಹಿಂದಿನ ಗೇಟಿನ ಎದುರು ಬಟ್ಟೆ ಆಲ್ಟರ್ ಮಾಡುವ ಪುಟ್ಟ ಅಂಗಡಿ. ಅದೇ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಅತ್ತಿಗೆಯ ಕೆಲಸ.

ಏನು ಕೆಲಸ ಎಂದು ಯಾರಾದರೂ ಕೇಳಿದರೆ ನಾವು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದೆವು. ಅಣ್ಣ "ಆಸ್ಪತ್ರೆಯಲ್ಲಿದಾಳೆ" ಎಂದರೆ ಕೇಳಿದವರು ನರ್ಸ್ ಇರಬೇಕೆಂದುಕೊಂಡು ತಮ್ಮ ಮೊಣಕಾಲಿನ ಕಥೆ ಶುರುಮಾಡುತ್ತಿದ್ದರು. ಅಪ್ಪ "ಕಂಪ್ಯೂಟರ್" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದ. ನಿಜಕ್ಕೂ ಅವರು ಕೋಡರ್. ರೋಗಿ ಮನೆಗೆ ಹೋದ ಮೇಲೆ ಅವನ ಫೈಲು ಅತ್ತಿಗೆಯ ಕಂಪ್ಯೂಟರ್ ಪರದೆಗೆ ಬರುತ್ತದೆ. ಡಾಕ್ಟರು ಬರೆದದ್ದನ್ನೆಲ್ಲ ಓದಿ ಕಾಯಿಲೆಗೊಂದು, ಆಪರೇಷನ್ನಿಗೊಂದು ಅಕ್ಷರ-ಅಂಕಿಯ ಗುರುತು ಹಾಕಬೇಕು. ಅದೇ ಕೋಡ್. ಹೊಟ್ಟೆಯ ಆಪರೇಷನ್ನುಗಳೆಲ್ಲ ಅತ್ತಿಗೆಯ ಪಾಲಿಗೆ. ಅದರಲ್ಲೂ ಹರ್ನಿಯಾ ಬಂದರೆ ಎದುರು ಮೇಜಿನ ಗೆಳತಿ ಕೂಡ ಅದನ್ನು ಇವರ ಕಡೆಗೇ ತಳ್ಳಿಬಿಡುತ್ತಿದ್ದಳು.

ಮಧ್ಯಾಹ್ನ ಊಟದ ಡಬ್ಬಿ ಕೊಡಲು ನಾನು ಅಲ್ಲಿಗೆ ಇಳಿದು ಹೋಗುತ್ತಿದ್ದೆ. ತಲೆಯ ಮೇಲೆ ದಪ್ಪ ಕೊಳವೆಗಳು, ಪಕ್ಕದ ಕೋಣೆಯಲ್ಲಿ ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವ ಯಂತ್ರದ ಗುಡುಗುಡು, ಬಿಸಿ ಸೋಪಿನ ವಾಸನೆ. ನನ್ನ ಹೆಜ್ಜೆ ಸದ್ದಾದರೆ ಸಾಕು, ಅತ್ತಿಗೆ ಪರದೆಯನ್ನು ಗೋಡೆ ಕಡೆ ತಿರುಗಿಸುತ್ತಿದ್ದರು. ಯಾರ ಫೈಲನ್ನೂ ಯಾರಿಗೂ ತೋರಿಸುವ ಹಾಗಿಲ್ಲವಂತೆ. ನನಗೇನು, ಊರವರ ಕರುಳು ನೋಡಿ ಆಗಬೇಕಾದ್ದೇನೂ ಇರಲಿಲ್ಲ. ಆದರೂ ಹಾಗೆ ತಿರುಗಿಸಿದಾಗ ಸಿಟ್ಟು ಬರುತ್ತಿತ್ತು.

"ಈ ಹರ್ನಿಯಾ ಅಂದ್ರೇನು ಅತ್ತಿಗೆ, ಅದಕ್ಕೇ ದಿನವೆಲ್ಲ ತಲೆ ಕೆಡಿಸ್ಕೊಳ್ತೀರಲ್ಲ?"

"ಪ್ಯಾಂಟಿನ ಜೇಬು ತೂತಾದ್ರೆ ಏನಾಗುತ್ತೆ?"

"ಚಿಲ್ಲರೆ ಲೈನಿಂಗ್ ಒಳಗೆ ಇಳಿಯುತ್ತೆ."

"ಚಿಲ್ಲರೆಗೇನೂ ಆಗಿರಲ್ಲ, ಕೆಟ್ಟಿರೋದು ಜೇಬು. ಇಲ್ಲೂ ಹಾಗೇ. ಹೊಟ್ಟೆಯ ಗೋಡೆ ಒಂದು ಕಡೆ ಸಡಿಲ ಆಗುತ್ತೆ, ಕರುಳು ಅಲ್ಲಿಂದ ಹೊರಗೆ ಇಣುಕುತ್ತೆ. ಡಾಕ್ಟ್ರು ಒಳಗೆ ತಳ್ಳಿ ತೇಪೆ ಹಾಕ್ತಾರೆ."

"ಅಷ್ಟೇನಾ? ನನ್ನ ಕೈಗೆ ಕೊಟ್ಟಿದ್ರೆ ನಾನೇ ಹಾಕ್ತಿದ್ದೆ."

ಅಷ್ಟೇ ಅಲ್ಲವಂತೆ. ಎಲ್ಲಿ ಇಣುಕಿತು ಎಂಬುದು ಮೊದಲು: ತೊಡೆಸಂದೋ, ಹೊಕ್ಕುಳೋ, ಹಳೆ ಆಪರೇಷನ್ನಿನ ಹೊಲಿಗೆ ಬಿಟ್ಟ ಜಾಗವೋ. ಒಂದು ಕಡೆಯೋ ಎರಡೂ ಕಡೆಯೋ. ಹೊಸದೋ, ಒಮ್ಮೆ ಸರಿಮಾಡಿದ ಮೇಲೆ ಮತ್ತೆ ಬಂದದ್ದೋ. ಹೊರಬಂದ ಕರುಳು ಸಿಕ್ಕಿಕೊಂಡು ದಾರಿ ಕಟ್ಟಿದೆಯೋ, ರಕ್ತ ನಿಂತು ಕೊಳೆತೇ ಹೋಗಿದೆಯೋ. ಒಂದೊಂದಕ್ಕೂ ಕೋಡ್ ಬೇರೆ. ಇನ್ನು ಆಪರೇಷನ್ನಿಗೆ ಬಂದರೆ ಕೊಯ್ದು ಮಾಡಿದ್ದೋ, ಸಣ್ಣ ತೂತಿನಿಂದ ಕ್ಯಾಮೆರಾ ಇಳಿಸಿ ಮಾಡಿದ್ದೋ, ತೇಪೆಗೆ ಜಾಲರಿ ಇಟ್ಟರೋ ಬರೀ ದಾರದಲ್ಲೇ ಎಳೆದರೋ, ಎಡವೋ, ಬಲವೋ.

ಇದನ್ನೆಲ್ಲ ಹೇಳುವಾಗ ಅತ್ತಿಗೆಯ ಮುಖದಲ್ಲಿ ಒಂದು ಸಮಾಧಾನ ಇರುತ್ತಿತ್ತು. ಅವರ ಕಸುಬಿಗೆ ಕಟ್ಟುನಿಟ್ಟಾದ ಕೆಲವು ನಿಯಮಗಳಿದ್ದವು. ಬರೆಯದೇ ಇದ್ದದ್ದು ಆಗಿಯೇ ಇಲ್ಲ. ಎರಡು ತೊಂದರೆ ಅಕ್ಕಪಕ್ಕ ಇದ್ದರೆ, ಒಂದರಿಂದ ಇನ್ನೊಂದಾಯಿತು ಎಂದು ಡಾಕ್ಟರೇ ಬರೆಯುವ ತನಕ ಇವರು ಗಂಟು ಹಾಕುವಂತಿಲ್ಲ. ಅನುಮಾನ ಬಂದರೆ ಡಾಕ್ಟರಿಗೆ ಪ್ರಶ್ನೆ ಕಳಿಸಬಹುದು, ಆದರೆ ಉತ್ತರವನ್ನು ಅವರ ಬಾಯಿಗೆ ತುರುಕುವಂತಿಲ್ಲ.

ಆ ಆಸ್ಪತ್ರೆಯ ಹೊಟ್ಟೆ ಸರ್ಜನ್ನಿಗೆ ಅತ್ತಿಗೆ ಮತ್ತು ಗೆಳತಿ 'ಗೀಚು ಡಾಕ್ಟರು' ಎಂದು ಹೆಸರಿಟ್ಟಿದ್ದರು. ಕೈ ಬಂಗಾರ, ಬರವಣಿಗೆ ದೇವರಿಗೇ ಪ್ರೀತಿ. "ಹರ್ನಿಯಾ ಸರಿಪಡಿಸಲಾಯಿತು" ಎಂದು ಒಂದು ಸಾಲು ಗೀಚಿ ಮುಂದಿನ ರೋಗಿಗೆ ಓಡುತ್ತಿದ್ದರು. ಒಮ್ಮೆ ನಾನು ಡಬ್ಬಿ ಹಿಡಿದು ನಿಂತಿದ್ದಾಗಲೇ ಅವರು ದಡದಡ ಮೆಟ್ಟಿಲಿಳಿದು ಬಂದರು.

"ಎಡವೋ ಬಲವೋ ಅಂತ ಮತ್ತೆ ಕೇಳಿದೀರಲ್ಲಮ್ಮ! ಹಿಂದಿನ ಪುಟದಲ್ಲಿ ನರ್ಸ್ ಬರೆದಿದಾರೆ ಬಲ ಅಂತ. ಹಾಕ್ಕೊಳ್ಳಿ ಬಲ!"

"ನೀವು ಬರೀಬೇಕು ಡಾಕ್ಟ್ರೇ."

"ನಿಮಗೆ ಗೊತ್ತಿದೆ ತಾನೆ?"

"ನನಗೆ ಗೊತ್ತಿರೋದಕ್ಕೆ ಕೋಡ್ ಇಲ್ಲ, ಡಾಕ್ಟ್ರೇ."

ಡಾಕ್ಟರು ಬರೆದರು. ನನಗೆ ಮಾತ್ರ ಪಿತ್ತ ನೆತ್ತಿಗೇರಿತು. ಕಣ್ಣಿಗೆ ಕಾಣುವುದನ್ನೂ ಇನ್ನೊಬ್ಬರ ಬಾಯಿಂದಲೇ ಕೇಳಬೇಕೆನ್ನುವ ಈ ಹೆಂಗಸಿನ ಜೊತೆ ನಮ್ಮಣ್ಣ ಹೇಗಪ್ಪಾ ಸಂಸಾರ ಮಾಡುತ್ತಾನೆ ಎಂದುಕೊಂಡೆ. ಆದರೆ ಒಂದು ಮಾತು ಒಪ್ಪಬೇಕು. ನಾವೆಲ್ಲ ಅಪ್ಪನನ್ನು "ಏನೂ ಸುಸ್ತಿಲ್ಲ ತಾನೆ?" ಎಂದು ಕೇಳಿ, ಅವನು ಇಲ್ಲ ಅನ್ನುವ ಮೊದಲೇ ಮುಂದಕ್ಕೆ ಹೋಗುತ್ತಿದ್ದೆವು. ಅತ್ತಿಗೆ "ಹೇಗಿದೀರಿ ಮಾವ?" ಎಂದು ಕೇಳಿ, ಉತ್ತರ ಬರುವ ತನಕ ಅಲ್ಲೇ ನಿಲ್ಲುತ್ತಿದ್ದರು.

ಹೀಗಿರುವಾಗ ಒಂದು ದಿನ ತುಕ್ಕು ಹಿಡಿದ ಶಟರ್ ಒಂದನ್ನು ಎತ್ತಲು ಹೋಗಿ ಅಪ್ಪನ ತೊಡೆಸಂದಿನಲ್ಲಿ ಒಂದು ಉಬ್ಬು ಎದ್ದಿತು. ಅಪ್ಪ ಅದನ್ನು ಹೇಳಿದ್ದು ಅಣ್ಣನ ಹತ್ತಿರ ಮಾತ್ರ, ಅದೂ ಬಾಗಿಲು ಹಾಕಿಕೊಂಡು. ಅಣ್ಣ ಗೀಚು ಡಾಕ್ಟರ ಬಳಿ ಕರೆದೊಯ್ದ. ಹರ್ನಿಯಾ, ಮಲಗಿದರೆ ತಾನೇ ಒಳಗೆ ಹೋಗುತ್ತದೆ, ಆದರೂ ಆಪರೇಷನ್ ಮಾಡಿಸಿಬಿಡಿ ಎಂದರು. ಹೊಸ ಮಾರ್ಕೆಟ್ಟಿನ ಶಟರುಗಳ ಕೆಲಸ ಮುಗಿಯಲಿ ಎಂದು ಅಪ್ಪ ದಿನ ದೂಡಿದ.

ಮನೆಯಲ್ಲಿ ಈ ವಿಷಯ ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ಊರಿನ ಶಟರುಗಳ ಬಗ್ಗೆ ಗಂಟೆಗಟ್ಟಲೆ ಕೊರೆಯುವ ಅಪ್ಪ, ಇದರ ಸುದ್ದಿ ಹತ್ತಿರ ಸುಳಿದರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಹೆಣ್ಣುಮಕ್ಕಳ ಮುಂದೆ ಆಡುವ ಜಾಗವಲ್ಲ ನೋಡಿ ಅದು. ಅತ್ತಿಗೆ ಕೂಡ ಅಣ್ಣ ಮನೆಗೆ ಬಂದಾಗ "ಮಾವನ್ನ ಕೇಳಿದ್ರಾ?" ಎನ್ನುತ್ತಿದ್ದರು. ಅಣ್ಣ ಕೋಣೆಗೆ ಹೋಗಿ ಕೇಳಿಬಂದು "ಒಳಗೆ ಹೋಗ್ತಿದೆಯಂತೆ" ಎನ್ನುತ್ತಿದ್ದ. ಹೀಗೆ ಅಪ್ಪನ ಕರುಳಿನ ಸಮಾಚಾರ ಗೂಡ್ಸ್ ರೈಲಿನ ವೇಳಾಪಟ್ಟಿಯನ್ನು ಕಾಯುತ್ತಿತ್ತು.

ಅಣ್ಣ ದೂರದ ಓಟಕ್ಕೆ ಹೋಗಿದ್ದ ಒಂದು ಸಂಜೆ ಅಪ್ಪ ಕೆಲಸದಿಂದ ಬೇಗ ಬಂದ. ಮುಖ ಬಾಡಿತ್ತು. ಊಟ ಬೇಡ ಎಂದ. ಕೂತಲ್ಲಿಂದ ಎದ್ದು ಹೋಗಿ ವಾಂತಿ ಮಾಡಿದ, ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ.

ಅತ್ತಿಗೆ ನೀರು ಕೊಟ್ಟು ಎಂದಿನಂತೆ ಎದುರು ನಿಂತರು. "ಮಾವ, ಏನಾಗ್ತಿದೆ?"

ಅಪ್ಪ ಲೋಟ ನೋಡುತ್ತಾ ಹೇಳಿದ, "ಮಾರ್ಕೆಟ್ ಕ್ಯಾಂಟೀನಲ್ಲಿ ತಿಂದೆ. ಹಿಡಿಸಲಿಲ್ಲ."

ಅತ್ತಿಗೆ ಇನ್ನೂ ಸ್ವಲ್ಪ ನಿಂತರು. ಅಪ್ಪ ಬೇರೇನೂ ಹೇಳಲಿಲ್ಲ. ಹೇಳಿದ್ದಾಯಿತು, ಕಾರಣವೂ ಸಿಕ್ಕಿತು ಎಂದು ಅತ್ತಿಗೆ ಲೋಟ ತೆಗೆದುಕೊಂಡು ಒಳಗೆ ಹೋದರು. ಬೆಳಿಗ್ಗೆ ಅಪ್ಪ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. "ಸ್ವಲ್ಪ ಮಲಗ್ತೀನಿ, ನೀವು ಹೊರಡಿ" ಎಂದ. ಅತ್ತಿಗೆ ಹೊರಟರು. ನಾನು ಅಂಗಡಿ ತೆರೆಯುವುದು ತಡವಾಗಿಯೇ, ಹಾಗಾಗಿ ಮನೆಯಲ್ಲೇ ಇದ್ದೆ. ದಿನಬೆಳಗಾದರೆ ಇದನ್ನೇ ಓದುವ ಅತ್ತಿಗೆಯೇ ನಿಶ್ಚಿಂತೆಯಾಗಿ ಕೆಲಸಕ್ಕೆ ಹೋದ ಮೇಲೆ ನಾನೇಕೆ ಗಾಬರಿಯಾಗಲಿ ಎಂದು ಯಾರದೋ ಪ್ಯಾಂಟಿನ ಅಂಚು ಬಿಚ್ಚುತ್ತಾ ಕೂತೆ.

ಅಲ್ಲಿ ನೆಲಮಾಳಿಗೆಯಲ್ಲಿ ಏನಾಯಿತೆಂದು ಆಮೇಲೆ ಅತ್ತಿಗೆಯೇ ಹೇಳಿದರು. ಗೀಚು ಡಾಕ್ಟರ ಫೈಲೊಂದು ತೆರೆದಿತ್ತಂತೆ. ಒಂದು ಕಡೆ ವಾಂತಿ ಎಂದಿತ್ತು, ಇನ್ನೊಂದು ಕಡೆ ಹರ್ನಿಯಾ ಎಂದಿತ್ತು, ಎರಡಕ್ಕೂ ಸಂಬಂಧ ಇದೆಯೋ ಇಲ್ಲವೋ ಬರೆದಿರಲಿಲ್ಲ. ಎಂದಿನಂತೆ ಅತ್ತಿಗೆ ಪ್ರಶ್ನೆ ಸಿದ್ಧಮಾಡಿದರು. ವಾಂತಿಯ ಕಾರಣ ದಯವಿಟ್ಟು ತಿಳಿಸಿ. ಅದರ ಕೆಳಗೆ ಡಾಕ್ಟರು ಆರಿಸಿಕೊಳ್ಳಲಿ ಎಂದು ಸಾಲುಗಳನ್ನು ಬರೆಯಬೇಕು: ಹರ್ನಿಯಾದಿಂದ, ಬೇರೆ ಕಾರಣದಿಂದ, ಹೇಳಲಾಗದು. ಮೊದಲ ಸಾಲು ಬರೆದ ಕೈ ಅಲ್ಲೇ ನಿಂತಿತು. ಗುರುತಿಲ್ಲದ ಯಾರದೋ ಕರುಳಿನ ಬಗ್ಗೆ ಕೇಳುತ್ತಿದ್ದ ಈ ಪ್ರಶ್ನೆಯನ್ನು ನಿನ್ನೆ ಸಂಜೆಯಿಂದ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ವಾಂತಿ ಒಂದು ಸಾಲಿನಲ್ಲಿ, ಹರ್ನಿಯಾ ಇನ್ನೊಂದು ಸಾಲಿನಲ್ಲಿ, ಎರಡನ್ನೂ ಬೇರೆಬೇರೆಯಾಗಿಯೇ ಇಟ್ಟು ಅವರು ಕೆಲಸಕ್ಕೆ ಬಂದಿದ್ದರು. ಪರದೆ ಮುಚ್ಚದೆ ಎಂದೂ ಏಳದ ಅತ್ತಿಗೆ ಅಂದು ಫೈಲನ್ನು ತೆರೆದಂತೆಯೇ ಬಿಟ್ಟು ಮೆಟ್ಟಿಲು ಹತ್ತಿ ಓಡಿದ್ದನ್ನು ಗೆಳತಿ ಇಂದಿಗೂ ಹೇಳುತ್ತಾಳೆ.

ನನ್ನ ಫೋನು ಬಡಿದುಕೊಂಡಿತು.

"ಸೂಜಿ, ಮಾವನ ಆ ಉಬ್ಬು ಒಳಗೆ ಹೋಗಿದೆಯಾ? ಹೋಗಿ ಕೇಳು."

"ನಾನಾ? ಅಪ್ಪನ್ನಾ?"

"ಈಗಲೇ."

ಕೋಣೆಗೆ ಹೋದೆ. ಅಪ್ಪ ಮಂಡಿ ಮಡಚಿ ಮುದುಡಿಕೊಂಡಿದ್ದ. ಹಣೆಯ ಮೇಲೆ ಬೆವರು. "ಅಪ್ಪಾ, ನಿನ್ನ... ಅದು ಹೇಗಿದೆ?" ಎಂದೆ. ಊರವರಿಗೆಲ್ಲ ಚುಚ್ಚುವ ನನ್ನ ನಾಲಿಗೆ ಅಲ್ಲಿಗೆ ಬರುವಷ್ಟರಲ್ಲಿ ಮೊಂಡಾಗಿತ್ತು.

"ನಿನಗ್ಯಾಕೆ ಅದೆಲ್ಲ, ಹೋಗು."

ಏನು ಮಾಡುವುದೆಂದು ತೋಚದೆ ಫೋನನ್ನು ಅವನ ಕಿವಿಗೆ ಹಿಡಿದೆ. ಅತ್ತಿಗೆಯ ದನಿ ನನಗೂ ಸ್ಪಷ್ಟವಾಗಿ ಕೇಳುತ್ತಿತ್ತು.

"ಮಾವ, ನಾನೇ ಹೇಳ್ತೀನಿ, ನೀವು ಬರೀ ಹೂಂ ಅನ್ನಿ. ಅದು ನಿನ್ನೆ ಸಂಜೆಯಿಂದ ಹೊರಗೇ ಇದೆ. ಕಲ್ಲಿನ ಥರ ಗಟ್ಟಿಯಾಗಿದೆ. ಒತ್ತಿದ್ರೂ ಒಳಗೆ ಹೋಗ್ತಿಲ್ಲ. ನೋವಿಗೆ ಕಾಲು ಚಾಚೋಕೂ ಆಗ್ತಿಲ್ಲ. ಕ್ಯಾಂಟೀನು ಅಂದಿದ್ದು ಸುಳ್ಳು. ಹೌದು ತಾನೆ?"

ಇನ್ನೊಬ್ಬರ ಬಾಯಿಗೆ ಒಂದು ಮಾತನ್ನೂ ತುರುಕದ ಅತ್ತಿಗೆ ಎಲ್ಲ ಮಾತನ್ನೂ ತಾವೇ ಹಾಕಿದ್ದರು. ಅಪ್ಪ ಕಣ್ಣು ಮುಚ್ಚಿಕೊಂಡ.

"ಹೂಂ," ಎಂದ. ಅವನ ಕಣ್ಣಂಚಿನಲ್ಲಿ ನೀರಿತ್ತು. ರಾತ್ರಿಯೆಲ್ಲ ಅವನು ಕಾದಿದ್ದು ಇದಕ್ಕೇ, ಯಾರಾದರೂ ತನ್ನ ಪರವಾಗಿ ಇದನ್ನು ಹೇಳಿಬಿಡಲಿ ಎಂದು. ಪಕ್ಕದ ಕೋಣೆಯಲ್ಲೇ ಮಗಳು ಮಲಗಿದ್ದಳು, ಸೊಸೆ ಮಲಗಿದ್ದಳು. ಇಬ್ಬರಿಗೂ ಹೇಳಲು ಅವನಿಗೆ ಬಾಯಿ ಬಂದಿರಲಿಲ್ಲ.

ಎದುರು ಮನೆಯ ಟ್ಯಾಕ್ಸಿಯವನು ಎತ್ತಿ ಕೂರಿಸಿಕೊಂಡು ಬಂದ. ಆಸ್ಪತ್ರೆಯ ಬಾಗಿಲಲ್ಲಿ ಅತ್ತಿಗೆ ಗೀಚು ಡಾಕ್ಟರನ್ನೇ ಎಳೆದುಕೊಂಡು ನಿಂತಿದ್ದರು. ಡಾಕ್ಟರು ಒಮ್ಮೆ ಮುಟ್ಟಿ ನೋಡಿದರು, ಮುಖ ಬಿಗಿಯಾಯಿತು. ಕರುಳು ಸಿಕ್ಕಿಕೊಂಡಿದೆ, ಕೂಡಲೇ ತೆರೆಯಬೇಕು, ಒಳಗೆ ಎಷ್ಟು ಉಳಿದಿದೆಯೋ ನೋಡಿದ ಮೇಲೇ ಗೊತ್ತು ಎಂದರು. ಅಪ್ಪನ ಬಲಗಡೆ ಪೆನ್ನಿನಿಂದ ಒಂದು ಬಾಣದ ಗುರುತು ಎಳೆದರು. ಅವರು ನೀಟಾಗಿ ಬರೆದ ಏನಾದರೂ ನಾನು ನೋಡಿದ್ದರೆ ಅದೊಂದೇ.

ಗಾಲಿಮಂಚ ಹೊರಟಾಗ ಅಪ್ಪ ಅತ್ತಿಗೆಯ ಕೈ ಹಿಡಿದುಕೊಂಡ. "ಎಡಬಲ, ಡಾಕ್ಟ್ರಿಗೆ ಹೇಳಿದೀಯ ತಾನೆ, ಯಾವ ಕಡೆ ಅಂತ?"

"ಹೇಳಿದೀನಿ ಮಾವ."

ಬಾಗಿಲು ಮುಚ್ಚಿತು. ಹೊರಗಿನ ಬೆಂಚಿನ ಮೇಲೆ ನಾವಿಬ್ಬರೇ. ಅಷ್ಟು ಹೊತ್ತು ತಡೆದಿದ್ದ ನನ್ನ ಬಾಯಿ ಆಗ ಬಿಚ್ಚಿಕೊಂಡಿತು.

"ದಿನಾ ಇದನ್ನೇ ಓದ್ತೀರಲ್ಲ ಅತ್ತಿಗೆ! ಕರುಳು ಸಿಕ್ಕಿಕೊಂಡ್ರೆ ವಾಂತಿ ಆಗುತ್ತೆ ಅಂತ ನಿಮಗೆ ಗೊತ್ತಿರ್ಲಿಲ್ವಾ? ನಾನಾದ್ರೆ ಬಟ್ಟೆ ಹೊಲಿಯೋಳು. ನೀವು?"

ಅತ್ತಿಗೆ ನನ್ನನ್ನು ತಡೆಯಲಿಲ್ಲ. ಎಲ್ಲ ಮುಗಿದ ಮೇಲೆ ಮೆಲ್ಲಗೆ ಹೇಳಿದರು, "ಓದ್ತೀನಿ. ಎಲ್ಲಾ ಮುಗಿದ್ಮೇಲೆ ನನ್ನ ಹತ್ರ ಬರುತ್ತೆ, ಆಗ ಓದ್ತೀನಿ. ಬದುಕಿದ್ರೆ ಬದುಕಿದ್ದು ಬರೆದಿರುತ್ತೆ, ಹೋದ್ರೆ ಹೋದದ್ದು ಬರೆದಿರುತ್ತೆ. ಇನ್ನೂ ನಡೀತಾ ಇರೋದನ್ನ ಓದೋಕೆ ನನಗೆ ಬರ್ಲಿಲ್ಲ, ಸೂಜಿ." ಮುಚ್ಚಿದ ಬಾಗಿಲಿನ ಕಡೆ ತಿರುಗಿದರು. "ಮಾವ ಬಾಯಿ ಬಿಟ್ಟು ಹೇಳಲಿ ಅಂತ ಎದುರಿಗೇ ನಿಂತಿದ್ದೆ. ಅವರಿಗೆ ಹೇಳೋಕಾಗಲ್ಲ ಅಂತ ನನಗೆ ಹೊಳೀಲೇ ಇಲ್ಲ."

ನನ್ನ ಸಿಟ್ಟು ಎಲ್ಲಿ ಹೋಯಿತೋ ಕಾಣೆ. ಅವರ ಕೈ ಮಂಜಿನಂತೆ ತಣ್ಣಗಿತ್ತು. ಅದನ್ನು ನನ್ನ ಎರಡೂ ಕೈಗಳ ನಡುವೆ ಇಟ್ಟುಕೊಂಡು ಕೂತೆ. ಬಟ್ಟೆ ಒಗೆಯುವ ಕೋಣೆಯ ಗುಡುಗುಡು ನೆಲದಡಿಯಿಂದ ಕೇಳುತ್ತಿತ್ತು.

ಕೊನೆಗೊಮ್ಮೆ ಗೀಚು ಡಾಕ್ಟರು ಟೋಪಿ ಕಿತ್ತುಕೊಳ್ಳುತ್ತಾ ಹೊರಬಂದರು. "ಕರುಳು ಕಪ್ಪಗಾಗಿತ್ತು. ಬಿಡಿಸಿ, ಬಿಸಿ ಬಟ್ಟೆ ಹೊದಿಸಿ ಕಾದೆವು. ನಿಧಾನಕ್ಕೆ ಬಣ್ಣ ತಿರುಗ್ತು. ಕತ್ತರಿಸೋದು ಬೇಕಾಗಲಿಲ್ಲ. ಇನ್ನೂ ತಡ ಆಗಿದ್ರೆ ನನ್ನ ಕೈಲಿರ್ತಿರ್ಲಿಲ್ಲ." ಆಮೇಲೆ ಅತ್ತಿಗೆಯ ಕಡೆ ತಿರುಗಿ, "ಬಲಗಡೆ. ಮೊದಲ ಸಲ. ಸಿಕ್ಕಿಕೊಂಡಿತ್ತು, ಕೊಳೆತಿರಲಿಲ್ಲ. ಕೊಯ್ದೇ ಮಾಡಿದ್ದು, ಜಾಲರಿ ಇಟ್ಟಿದೀನಿ. ಎಲ್ಲಾ ಬರೀತೀನಿ, ದಯವಿಟ್ಟು ಪ್ರಶ್ನೆ ಕಳಿಸಬೇಡಿ ತಾಯಿ," ಎಂದರು. ಅತ್ತಿಗೆ ನಗುತ್ತಲೇ ಅತ್ತುಬಿಟ್ಟರು.

ಅಪ್ಪ ಮನೆಗೆ ಬಂದ ಮೇಲೆ ಅವನ ಫೈಲು ಅತ್ತಿಗೆಯ ಪರದೆಗೇ ಬಂತು, ಹೊಟ್ಟೆಯದೆಲ್ಲ ಬರುವುದು ಅಲ್ಲಿಗೇ ತಾನೆ. ಮನೆಯವರ ಫೈಲನ್ನು ತೆರೆಯುವಂತಿಲ್ಲ ಎಂಬುದೂ ಅವರ ನಿಯಮ. ತೆರೆಯದೆ ಗೆಳತಿಯ ಕಡೆ ತಳ್ಳಿದರು. ಅಂದು ಸಂಜೆ ಅಪ್ಪನಿಗೆ ಈ ಸುದ್ದಿ ಹೇಳಿದಾಗ ಅವನಿಗೆ ಕುತೂಹಲ ತಡೆಯಲಾಗಲಿಲ್ಲ.

"ನನ್ನ ಕೋಡ್ ನಂಬರ್ ಏನು ಹಾಗಾದ್ರೆ?"

"ಗೊತ್ತಿಲ್ಲ ಮಾವ. ನಿಮ್ಮ ಫೈಲ್ ನಾನು ನೋಡೋ ಹಾಗಿಲ್ಲ."

"ನೋಡಬೇಡ ಬಿಡು," ಎಂದ ಅಪ್ಪ. "ಇನ್ಮೇಲೆ ನನ್ನನ್ನೇ ಕೇಳು. ಹೇಳದಿದ್ರೆ ನೀನೇ ಹೇಳು, ಅವತ್ತಿನ ಥರ."

ಮರುದಿನ ಬೆಳಿಗ್ಗೆ ನಾನು ಅಂಗಡಿಗೆ ಹೊರಡುವಾಗ ಅಪ್ಪ ಕೋಣೆಯಿಂದ ಕರೆದ. ಹೋದರೆ, ಮಂಚದ ಅಂಚಿನಲ್ಲಿ ಕೂತು ಹೊದಿಕೆಯ ತುದಿ ಹಿಡಿದುಕೊಂಡು ಒದ್ದಾಡುತ್ತಿದ್ದ. ಕಿವಿಯೆಲ್ಲ ಕೆಂಪಗಾಗಿತ್ತು.

"ಸೂಜಿ, ಬಲಗಡೆ ಸ್ವಲ್ಪ ಎಳೆದಂಗೆ ಆಗ್ತಿದೆ. ಹೊಲಿಗೆ ಸರಿಯಾಗಿದೆಯಾ ನೋಡು. ನಿನ್ನ ಕಸುಬು ತಾನೆ ಅದು."

ಹೊದಿಕೆಯನ್ನು ಎಷ್ಟು ಬೇಕೋ ಅಷ್ಟೇ ಸರಿಸಿ, ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡ. ನಾನು ನೆಲದ ಮೇಲೆ ಕೂತು ಕನ್ನಡಕ ಹಾಕಿಕೊಂಡು ನೋಡಿದೆ. ಕೆಂಪಿರಲಿಲ್ಲ, ಊತವಿರಲಿಲ್ಲ, ಒಂದು ಟಾಕೂ ಬಿಟ್ಟಿರಲಿಲ್ಲ. ಕಣ್ಣು ಮಂಜಾಗಿ ನಾನು ಮತ್ತೆ ಮೊದಲಿಂದ ನೋಡಬೇಕಾಯಿತು.

"ಏನು, ಮಾತೇ ಇಲ್ಲ? ಹೇಗಿದೆ?" ಎಂದ ಅಪ್ಪ, ಕಿಟಕಿಯನ್ನೇ ನೋಡುತ್ತಾ.

"ಗಟ್ಟಿಯಾಗಿದೆ ಅಪ್ಪಾ. ಆದ್ರೆ ಸಾಲು ಸೊಟ್ಟ. ನಿನ್ನ ಡಾಕ್ಟ್ರು ಇಲ್ಲೂ ಗೀಚಿದಾರೆ."

ಅಪ್ಪ ನಗಲು ಹೋಗಿ, ನೋವಾಗಿ, ಹೊಲಿಗೆಯ ಮೇಲೆ ಕೈ ಒತ್ತಿ ಹಿಡಿದುಕೊಂಡ. ಅವನ ಕೈಯ ಮೇಲೆ ನಾನೂ ಕೈಯಿಟ್ಟು ಹಿಡಿದುಕೊಂಡೆ. ಅವನು ಬೇಡವೆನ್ನಲಿಲ್ಲ.